ತೆರೇಸತ್ತೆಯ ಅಂಗೈ

ಮದುವೆ ಮನೆಯ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತ ಹುಡುಗಿಯರನ್ನು ಕಂಡರೆ ನಾನು ಗುಂಪಿನ ಮರೆಯಲ್ಲಿ ಸರಿದು ಒಳಗೆ ಹೋಗಿಬಿಡುತ್ತೇನೆ. ಒಂದೆರಡು ಹನಿ ಸೀರೆಯ ಮೇಲೆ ಬಿದ್ದರೂ ಸಾಕು, ಆ ದಿನ ನನಗೆ ಊಟ ಸೇರುವುದಿಲ್ಲ. ಇದನ್ನು ಯಾರಿಗೂ ಬಿಡಿಸಿ ಹೇಳಿಲ್ಲ. ಗುಲಾಬಿಯ ವಾಸನೆ ಆಗದು ಎಂದರೆ ನಂಬುವವರು ಯಾರು? ಆ ತೆಳ್ಳನೆಯ ಸಿಹಿಯ ಅಡಿಯಲ್ಲಿ ನನ್ನ ಮೂಗಿಗೆ ಇನ್ನೊಂದು ವಾಸನೆ ತಾಕುತ್ತದೆ. ಬಿಸಿಲಿಗೆ ಕಾದ ಬಂಡೆ, ಉರಿದು ಆರಿದ ಮೇಣ, ಒದ್ದೆ ಬಟ್ಟೆ, ಅದರ ಕೆಳಗೆ ಕೊಳೆಯುತ್ತಿರುವ ಮಾಂಸ. ಅದರ ಹಿಂದೆಯೇ ಚಿತ್ರದುರ್ಗದ ನಮ್ಮ ಮನೆ ಬರುತ್ತದೆ, ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತ ತೆರೇಸತ್ತೆ ಬರುತ್ತಾಳೆ.

ನಿಮ್ಮ ಬಾಲ್ಯದಲ್ಲೂ ಅಂಥ ಒಂದು ಮನೆ ಇದ್ದಿರಬಹುದು. ಅದು ಇದ್ದ ಜಾಗದಲ್ಲಿ ಈಗ ಬೇರೆ ಏನೋ ಇರುತ್ತದೆ, ಆದರೂ ಯಾವ ಮೆಟ್ಟಿಲು ಸವೆದಿತ್ತು ಎಂಬುದು ಕಾಲಿಗೆ ನೆನಪಿರುತ್ತದೆ. ನಮ್ಮದು ಕೋಟೆಯ ಬಂಡೆಗೆ ಬೆನ್ನು ಕೊಟ್ಟು ಕೂತ ಹಂಚಿನ ಮನೆ. ಅಡುಗೆಮನೆಯ ಹಿಂಗೋಡೆ ಎಂದರೆ ಬಂಡೆಯೇ. ಬೇಸಿಗೆಯಲ್ಲಿ ದೀಪ ಹಚ್ಚುವ ಹೊತ್ತಿನವರೆಗೂ ಅದು ಹಗಲಿನ ಬಿಸಿಯುಸಿರು ಬಿಡುತ್ತಿತ್ತು. ತಾತ ಕಲ್ಲು ಒಡೆಯುವ ಕೆಲಸಕ್ಕೆಂದು ಈ ಊರಿಗೆ ಬಂದವನಂತೆ, ನಾನು ನೋಡಿದ್ದಿಲ್ಲ. ಅಪ್ಪ ಎಣ್ಣೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ಓಣಿಯಲ್ಲಿ ಕ್ರೈಸ್ತರ ಮನೆಗಳು ಕೆಲವೇ ಇದ್ದವು. ಉಳಿದವರೆಲ್ಲ ತಾಳ್ಯ, ಮಾಡದಕೆರೆಯ ಕಡೆಯಿಂದ ಹೊಲ ಬಿಟ್ಟು, ಕುರಿ ಹೊಡೆದುಕೊಂಡು ಪೇಟೆಗೆ ಬಂದು ನೆಲೆಸಿದವರು. ಬೆಳಗ್ಗೆ ಅವರ ಕುರಿಗಳು ಬಾಗಿಲ ಮುಂದೆ ಹಾದುಹೋಗುವಾಗ ನಮ್ಮ ಜಪದ ಮಾತು ಒಬ್ಬರದು ಒಬ್ಬರಿಗೆ ಕೇಳಿಸುತ್ತಿರಲಿಲ್ಲ.

ನಡುಮನೆಯ ಬಾಗಿಲ ಮೇಲೆ ಕಟ್ಟು ಹಾಕಿದ ಒಂದು ಬಣ್ಣದ ಚಿತ್ರ ಇತ್ತು. ಕಂದು ಅಂಗಿಯ ಸಂತನೊಬ್ಬ ಬೆಟ್ಟದ ಮೇಲೆ ಮೊಣಕಾಲೂರಿದ್ದಾನೆ. ಆಕಾಶದಲ್ಲಿ ರೆಕ್ಕೆಗಳಿರುವ ಶಿಲುಬೆ, ಅದರ ಮೇಲೆ ಯೇಸುಸ್ವಾಮಿ. ಸ್ವಾಮಿಯ ಕೈ, ಕಾಲು, ಪಕ್ಕೆಯಿಂದ ಹೊರಟ ಬಂಗಾರದ ಗೆರೆಗಳು ಸಂತನ ಕೈ, ಕಾಲು, ಪಕ್ಕೆಗೆ ಬಂದು ಮುಟ್ಟಿವೆ. ಮುಟ್ಟಿದಲ್ಲೆಲ್ಲ ಕುಂಕುಮದ ಬೊಟ್ಟಿನಷ್ಟು ಕೆಂಪು. ರಕ್ತ ಹರಿದಿಲ್ಲ, ಕೀವಿಲ್ಲ, ನೊಣವಿಲ್ಲ. ಸಂತನ ಮುಖ ಮಾತ್ರ, ಯಾರೋ ಹೆಸರು ಹಿಡಿದು ಕರೆದರೆ ತಲೆಯೆತ್ತಿದವನ ಮುಖದ ಹಾಗೆ. ದೊಡ್ಡವಳಾದ ಮೇಲೆ ಬೇರೆ ಬೇರೆ ಊರಿನ ಚರ್ಚುಗಳಲ್ಲಿ ಇದೇ ದೃಶ್ಯದ ಎಷ್ಟೋ ಚಿತ್ರ ನೋಡಿದೆ. ಬಣ್ಣ ಹಾಕಿದವರೆಲ್ಲ ಗಾಯವನ್ನು ಅಷ್ಟೇ ಚೊಕ್ಕಟವಾಗಿ ಬರೆದಿದ್ದಾರೆ. ಅವರು ಯಾರೂ ಅದರ ಹತ್ತಿರ ಹೋಗಿ ಮೂಸಿದವರಲ್ಲ.

ಸ್ವಾಮಿ ತನಗೆ ತೀರ ಬೇಕಾದವರಿಗೆ ಮಾತ್ರ ತನ್ನ ಗಾಯ ಕೊಡುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಅಪ್ಪನ ತಾಯಿ. ಮನೆ ಅವಳ ಮಾತಿನಲ್ಲಿ ನಡೆಯುತ್ತಿತ್ತು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅವಳು ಗೋಡೆಯ ಮರದ ಶಿಲುಬೆಯನ್ನು ಇಳಿಸಿ ಮಡಿಲಲ್ಲಿಟ್ಟುಕೊಳ್ಳುವಳು. ನಾವು ಒಬ್ಬೊಬ್ಬರಾಗಿ ಹೋಗಿ ಸ್ವಾಮಿಯ ಬಲಗೈ, ಎಡಗೈ, ಬಲಗಾಲು, ಎಡಗಾಲು, ಪಕ್ಕೆ ಈ ಕ್ರಮದಲ್ಲಿ ಮುತ್ತಿಡಬೇಕು. ಕ್ರಮ ತಪ್ಪಿದರೆ ತಲೆಯ ಮೇಲೆ ಕುಟ್ಟಿ ಮತ್ತೆ ಮೊದಲಿಂದ ಮಾಡಿಸುವಳು. ತಪಸ್ಸುಕಾಲ ಬಂತೆಂದರೆ ಇನ್ನೊಂದು ಕಟ್ಟಳೆ ಸೇರುತ್ತಿತ್ತು. ಬೂದಿ ಬುಧವಾರದಿಂದ, ಸತ್ತ ಸ್ವಾಮಿ ಎದ್ದು ಬಂದ ಪಾಸ್ಕ ಹಬ್ಬದವರೆಗೆ ಮನೆಯಲ್ಲಿ ಯಾರ ಗಾಯಕ್ಕೂ ಔಷಧಿ ಹಚ್ಚುವಂತಿಲ್ಲ. ನಾನು ಮೊಣಕಾಲು ತರಚಿಕೊಂಡು ಬಂದರೆ ಅಮ್ಮ ಅರಿಶಿನದ ಡಬ್ಬಿಗೆ ಕೈ ಹಾಕುವ ಮೊದಲೇ ಅಜ್ಜಿಯ ದನಿ ಕೇಳುತ್ತಿತ್ತು: “ಸ್ವಾಮಿಗೆ ಯಾವಳು ಮುಲಾಮು ಹಚ್ಚಿದ್ಲು?” ಹೀಗೆ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದು ನಮ್ಮ ಮನೆಯ ಪದ್ಧತಿ.

ತೆರೇಸತ್ತೆ ಅಪ್ಪನ ತಂಗಿ. ಹೊಸದುರ್ಗಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಆ ಮನೆಯವರು ಅವಳನ್ನೂ ಒಂದು ಟ್ರಂಕನ್ನೂ ನಮ್ಮ ಜಗಲಿಯ ಮೇಲಿಟ್ಟು, ನೀರೂ ಕುಡಿಯದೆ ಹೊರಟುಹೋದರಂತೆ. ಅಂದಿನಿಂದ ನೀರು, ಸೌದೆ, ಮುಸುರೆ, ರೊಟ್ಟಿ ಎಲ್ಲ ಅವಳದು. ಎಲ್ಲರದೂ ಆದ ಮೇಲೆ ಅಡುಗೆಮನೆಯ ಹೊಸಿಲ ಹತ್ತಿರ ತಟ್ಟೆಯಿಟ್ಟುಕೊಂಡು ಉಣ್ಣುವಳು. ನಮ್ಮನ್ನು ಗದರಿದ್ದು ನೆನಪಿಲ್ಲ. ಮಕ್ಕಳಾದ ನಮಗೆ ಅವಳ ವಿಷಯದಲ್ಲಿ ಒಂದೇ ಬೆರಗು, ಕುದಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಇಳಿಸುವಳು. ಒಲೆಯಿಂದ ಕೆಂಡ ಹೊರಗೆ ಬಿದ್ದರೆ ಬೆರಳಲ್ಲೇ ಎತ್ತಿ ಒಳಗೆ ಹಾಕುವಳು. “ನಿಮ್ಮತ್ತೇದು ಕೈಯೋ ಇಕ್ಕಳವೋ” ಎಂದು ಅಮ್ಮ ನಗುತ್ತಿದ್ದಳು, ಅತ್ತೆಯೂ ನಗುತ್ತಿದ್ದಳು. ಬಲಗೈಯ ನಡುವೆ ಒಂದು ಬೊಬ್ಬೆ ಎದ್ದು ಒಡೆದಿತ್ತು. ವಾಸಿಯಾಗಿರಲಿಲ್ಲ.

ಆ ವರ್ಷದ ಬೂದಿ ಬುಧವಾರ, ತುರ್ತು ಪರಿಸ್ಥಿತಿ ಹೋದ ಹೊಸತು, ನಾವು ಹಣೆಯ ಮೇಲೆ ಬೂದಿ ಇಡಿಸಿಕೊಂಡು ಚರ್ಚಿನಿಂದ ಬಂದಾಗ ಸಗಣಿ ಸಾರಿಸಿದ ನೆಲದ ಮೇಲೆ ಕೆಂಪು ಹೆಜ್ಜೆಗಳಿದ್ದವು. ಬಾಗಿಲಿಂದ ಹೊರಟು, ನಡುಮನೆಯ ಚಿತ್ರದ ಕೆಳಗೆ ಹಾದು, ಹಿತ್ತಲಿನ ಹಂಡೆಯವರೆಗೆ ಹೋಗಿ ಮತ್ತೆ ತಿರುಗಿ ಬಂದಿದ್ದವು. ಅತ್ತೆ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು, ಏನನ್ನೋ ಗುನುಗುತ್ತ ಒಳಗೆ ಬಂದಳು. ಒಂದು ಕಾಲು ಊರಿದಲ್ಲೆಲ್ಲ ರಕ್ತ.

“ತೆರೇಸಿ, ಅಲ್ಲೇ ನಿಂತ್ಕ,” ಎಂದಳು ಅಜ್ಜಿ. “ನೋವಾಗ್ತಿಲ್ವೇನೇ?”

“ಏನ್ ನೋವವ್ವ?” ಅತ್ತೆ ಕೆಳಗೆ ನೋಡಿ ಪಾದ ಎತ್ತಿದಳು. “ಅಯ್ಯ, ಜಾಲಿ ಮುಳ್ಳು ಇರ್ಬೇಕು.”

ಮುಳ್ಳು ಪಾದದೊಳಗೆ ಮುರಿದು ನಿಂತಿತ್ತು. ಅಜ್ಜಿ ಅದನ್ನು ನೋಡಲಿಲ್ಲ. ಅತ್ತೆಯ ಬಲಗೈ ಹಿಡಿದು ತಿರುಗಿಸಿದಳು. ಅನ್ನದ ಪಾತ್ರೆ ಸುಟ್ಟಿದ್ದು ಕಣವ್ವ ಎಂದು ಅತ್ತೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಎಲ್ಲರಿಗೂ ಕೇಳಿಸಿತು. ಅಜ್ಜಿ ತಲೆಯೆತ್ತಿ ಬಾಗಿಲ ಮೇಲಿನ ಚಿತ್ರ ನೋಡಿದಳು, ಮತ್ತೆ ಅಂಗೈ ನೋಡಿದಳು. ಆಮೇಲೆ, ಆ ಬೆಳಗ್ಗೆಯಷ್ಟೇ ಹಾಲು ಉಕ್ಕಿಸಿದ್ದಕ್ಕೆ ಶನಿ ಎಂದು ಬೈದಿದ್ದ ಮಗಳ ಮುಂದೆ, ಮೊಣಕಾಲೂರಿದಳು.

ಮುಂದಿನ ಶುಕ್ರವಾರದ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು. ಅದರ ಮುಂದಿನ ಶುಕ್ರವಾರಕ್ಕೆ ಹಿರಿಯೂರಿನಿಂದ, ಹೊಳಲ್ಕೆರೆಯಿಂದ ಜನ ಬಸ್ಸಿನಲ್ಲಿ ಬಂದರು. ನಮ್ಮವರಷ್ಟೇ ಅಲ್ಲ, ಕಂಬಳಿ ಹೊದ್ದ ಕುರಿಗಾರರ ಹೆಂಗಸರೂ ಮಕ್ಕಳನ್ನು ಎತ್ತಿಕೊಂಡು ಬಂದರು. ಮನೆಯಲ್ಲಿದ್ದ ಒಂದೇ ಒಂದು ಕುರ್ಚಿಯನ್ನು ಚಿತ್ರದ ಕೆಳಗೆ ಹಾಕಿ, ಅತ್ತೆಗೆ ಬಿಳಿ ಸೀರೆ ಉಡಿಸಿ ಕೂರಿಸುತ್ತಿದ್ದರು. ಜನ ಸಾಲಾಗಿ ಬಂದು ಬಲಗೈಗೆ, ಪಾದಕ್ಕೆ ಮುತ್ತಿಡುವರು. ಗಾಯಕ್ಕೆ ಸುತ್ತಿದ ಬಟ್ಟೆಯನ್ನು ಅಜ್ಜಿ ಚೂರು ಚೂರು ಹರಿದು ಹಂಚುವಳು. ಜ್ವರ ಬಂದ ಮಕ್ಕಳ ದಿಂಬಿನ ಕೆಳಗೆ ಇಡಲು. ಔಷಧಿಯ ಮಾತು ಏಳುವಂತೆಯೇ ಇರಲಿಲ್ಲ, ಅದು ತಪಸ್ಸುಕಾಲ. ಗಾಯ ವಾಸನೆ ಹೊಡೆಯತೊಡಗಿದಾಗ ಅಜ್ಜಿ ಪೇಟೆಯಿಂದ ಪನ್ನೀರಿನ ಸೀಸೆ ತರಿಸಿದಳು. ಬೆಳಗ್ಗೆ ಅವಳು ಬಟ್ಟೆಗೆ ಅದನ್ನು ಸುರಿಯುವುದನ್ನು ನಾನು ನೋಡಿದ್ದೇನೆ. ಮಧ್ಯಾಹ್ನ ಬಂದವರು ಕಣ್ಣೀರು ಹಾಕಿಕೊಂಡು ಹೇಳುತ್ತಿದ್ದರು, “ಗುಲಾಬಿ ವಾಸ್ನೆ ಬರ್ತೈತೆ ಕಣ್ರಿ, ಪುಣ್ಯಾತ್ಮಳ ಮೈಯಿಂದ.” ಅಜ್ಜಿ ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಅವಳು ನಟಿಸುತ್ತಿದ್ದಳು ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಸೀಸೆ ಹಿಡಿದ ಕೈಯನ್ನು ಅವಳೇ ಮರೆತಿದ್ದಳು.

ಅತ್ತೆಯ ಮಾತು ಹೇಳಬೇಕು. ಮೊದಮೊದಲು ಅವಳಿಗೆ ಗಾಬರಿ. ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಎಬ್ಬಿಸುತ್ತಾರೆ ಎಂಬಂತೆ ಕೂರುತ್ತಿದ್ದಳು. ಆಮೇಲೆ ಬೆನ್ನು ಒರಗಿಸಿದಳು. ಮನೆಯಲ್ಲಿ ಮೊದಲ ತಟ್ಟೆ ಅವಳಿಗೆ ಹೋಗುತ್ತಿತ್ತು. ಬಿಸಿ ಅನ್ನದ ಮೇಲೆ ತುಪ್ಪ ಹಾಕಿ ಅಮ್ಮ ಬಡಿಸುವಾಗ ಅತ್ತೆ ತಟ್ಟೆಯನ್ನೇ ನೋಡುತ್ತಿದ್ದಳು. ಒಂದು ದಿನ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು, “ನಿಜ ಇರ್ಬೌದೇನೇ? ಇಲ್ಲಾಂದ್ರೆ ಇಷ್ಟ್ ಜನ ಬರ್ತಾರಾ?” ಅವಳ ಮುಖ ಆಗ ಆ ಚಿತ್ರದ ಸಂತನ ಮುಖದಂತೆಯೇ ಇತ್ತು.

ಪಾದ್ರಿ ಒಮ್ಮೆ ಬಂದರು. ವಯಸ್ಸಾದವರು, ಮಾತು ಕಡಿಮೆ. ಗಾಯ ನೋಡಿ, ನೋವಿದೆಯಾ ಮಗಳೇ ಎಂದು ಕೇಳಿದರು. ಅತ್ತೆ ಹೆಮ್ಮೆಯಿಂದ ಇಲ್ಲ ಫಾದರ್ ಎಂದಳು. ಅವರು ಹೋಗುವಾಗ ಜಗಲಿಯಲ್ಲಿ ಅಪ್ಪನಿಗೆ, “ಸಂತರಿಗೆ ಬಂದ ಆ ಗಾಯಗಳು ತುಂಬ ನೋಯುತ್ತವೆ ಅಂತ ಓದಿದ್ದೀನಿ ಚಿನ್ನಪ್ಪ. ಆಸ್ಪತ್ರೆಗೆ ತೋರಿಸು,” ಎಂದರು. ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಒಳಗಿನಿಂದಲೇ ಹೇಳಿದಳು, “ನಮ್ ಹುಡುಗಿ ಸಾಕಷ್ಟು ನೊಂದವ್ಳೆ ಅಂತ ಸ್ವಾಮಿ ನೋವು ಬಿಟ್ಟು ಗಾಯ ಅಷ್ಟೇ ಕೊಟ್ಟವ್ನೆ. ಅದಕ್ಕೂ ನಿಮ್ಮ ಅಪ್ಪಣೆ ಬೇಕಾ ಫಾದರ್?” ಅವರು ಮತ್ತೆ ಬರಲಿಲ್ಲ.

ಅಂತೋಣಿ ಮಾವ ಅಜ್ಜಿಯ ಅಣ್ಣನ ಮಗ. ಕಡಲೆಕಾಯಿ ಮಂಡಿಯಲ್ಲಿ ಚೀಲ ಹೊಲಿಯುವವನು. ಚೀಲ ಹೊಲಿಯುವ ದಬ್ಬಳವನ್ನು ಸದಾ ರುಮಾಲಿನ ಮಡಿಕೆಗೆ ಸಿಕ್ಕಿಸಿಕೊಂಡಿರುತ್ತಿದ್ದ. ತೆರೇಸತ್ತೆಯನ್ನು ಮೊದಲು ಅವನಿಗೇ ಕೊಡಬೇಕೆಂದಿತ್ತು, ಕೊಡಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಜನ ತುಂಬಿದ್ದಾಗ ಬಂದು, ಕಂಬಕ್ಕೆ ಒರಗಿ ನಿಂತ.

“ಏನಮ್ಮ ತೆರೇಸಿ, ಎಡಗೈಗೆ ಇನ್ನೂ ಬಂದಿಲ್ವಾ? ಸ್ವಾಮಿ ಕಂತಿನ್ ಮೇಲೆ ಕೊಡ್ತಾ ಅವ್ನಾ? ಪಕ್ಕೇದು ಎಲ್ಲೈತೆ?”

“ಪಕ್ಕೇನ ನಿನ್ನಂಥ ಗಂಡಸಿಗೆ ತೋರ್ಸಾಕಾಗುತ್ತೇನಲೇ?” ಎಂದಳು ಅಜ್ಜಿ. “ಬಾಯ್ ಮುಚ್ಕಂಡು ಕುಂತ್ಕ.”

ಹೆಂಗಸರೆಲ್ಲ ನಕ್ಕರು. ಅಂತೋಣಿ ಮಾವನ ಮುಖ ಕೆಂಪಾಯಿತು. “ನೋವಿಲ್ಲ ಅಂತೀರಲ್ಲ, ಅದನ್ನಾದ್ರೂ ತೋರ್ಸಿ ಮತ್ತೆ,” ಎಂದ.

ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಅತ್ತೆಯ ಎಡಗೈಯನ್ನು ಹಿಡಿದು ಮುಂದೆ ಚಾಚಿದವಳು ಅಜ್ಜಿ. ಆ ಅಂಗೈಯಲ್ಲಿ ಯಾವ ಗಾಯವೂ ಇರಲಿಲ್ಲ. ಅಂತೋಣಿ ಮಾವ ರುಮಾಲಿನಿಂದ ದಬ್ಬಳ ತೆಗೆದ, ಆದರೆ ಅವನ ಕೈ ಅನುಮಾನಿಸಿತು. “ಯಾಕಲೇ, ನಡುಗ್ತಿದೀಯ?” ಎಂದಳು ಅಜ್ಜಿ. ಅವನು ಚುಚ್ಚಿದ. ದಬ್ಬಳದ ತುದಿ ಕೈಯ ಹಿಂಬದಿಯ ಚರ್ಮವನ್ನು ಒಳಗಿನಿಂದ ಗುಡಾರದಂತೆ ಎತ್ತಿತು, ಒಂದು ಕ್ಷಣ ಹಾಗೇ ನಿಂತಿತು, ಆಮೇಲೆ ಹೊರಗೆ ಬಂತು. ಅತ್ತೆ ಬೇರೆ ಯಾರದೋ ಚೀಲ ಹೊಲಿಯುತ್ತಿರುವುದನ್ನು ನೋಡುವವಳ ಹಾಗೆ ಕುತೂಹಲದಿಂದ ನೋಡುತ್ತಿದ್ದಳು. “ಆಯ್ತಾ?” ಎಂದಳು. ಮೊದಲು ಅಂತೋಣಿ ಮಾವನೇ ಕುಸಿದು ಅವಳ ಪಾದದ ಮೇಲೆ ಹಣೆಯಿಟ್ಟು ಅತ್ತ, ಆಮೇಲೆ ಎಲ್ಲರೂ ಮೊಣಕಾಲೂರಿದರು. ಎಡಗೈಯ ಗಾಯ ಹಾಗೆ ಬಂತು. ಮುಂದಿನ ಶುಕ್ರವಾರದ ಹೊತ್ತಿಗೆ ಆ ಕೈ ಮೊಣಕೈವರೆಗೆ ಊದಿತ್ತು, ಸಾಲು ಇಮ್ಮಡಿಯಾಗಿತ್ತು.

ಪಾಸ್ಕಕ್ಕೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ಶುಕ್ರವಾರ ಆ ಸಾಲಿನಲ್ಲಿ ಒಬ್ಬರು ಸಿಸ್ಟರ್ ಬಂದರು. ಹಿರಿಯೂರಿನ ಆಚೆ ಎಲ್ಲೋ ದವಾಖಾನೆ ನಡೆಸುವ ಕನ್ಯಾಸ್ತ್ರೀಯರಲ್ಲಿ ಒಬ್ಬರು. ಕುಳ್ಳಗೆ, ಕಪ್ಪಗೆ ಇದ್ದರು. ಅವರೂ ಎಲ್ಲರಂತೆ ಮುತ್ತಿಡಲೆಂದೇ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಅತ್ತೆಯ ಕಿವಿ ಮುಟ್ಟಿ ನೋಡಿದರು. ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಬೆರಳಿಟ್ಟು ಏನನ್ನೋ ಹಗ್ಗದಂತೆ ಉರುಳಿಸಿದರು. ತೋಳು ಮೇಲೆತ್ತಿ ರವಿಕೆ ಸರಿಸಿದಾಗ ಅಲ್ಲಿ ಬೆಳ್ಳಗೆ ಮಾಸಿದ ಒಂದು ಮಚ್ಚೆ ಇತ್ತು.

“ಕಣ್ಣು ಮುಚ್ಕಳಮ್ಮ. ನಾನು ಮುಟ್ಟಿದ ಕಡೆ ಬೆರಳಿಟ್ಟು ತೋರ್ಸು,” ಎಂದರು.

ಅತ್ತೆ ಕಣ್ಣು ಮುಚ್ಚಿದಳು. ಸಿಸ್ಟರ್ ಕರವಸ್ತ್ರದ ತುದಿಯಿಂದ ಅಂಗೈ ಮುಟ್ಟಿದರು, ಬೆರಳು ಮುಟ್ಟಿದರು, ಮಚ್ಚೆಯ ಮೇಲೆ ಗೆರೆ ಎಳೆದಂತೆ ಮುಟ್ಟಿದರು, ಪಾದ ಮುಟ್ಟಿದರು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡೇ, ತಾಳ್ಮೆಯಿಂದ ಕಾಯುತ್ತ, ಹೇಳಿದಳು: “ಇನ್ನೂ ಮುಟ್ಟೇ ಇಲ್ವಲ್ಲ ಸಿಸ್ಟರ್.”

ಸಿಸ್ಟರ್ ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು. ಪಿಸುಮಾತಿನಲ್ಲೇ ಹೇಳಿದರು, ಆದರೆ ಕುಷ್ಠ ಎಂಬ ಶಬ್ದಕ್ಕೆ ದೊಡ್ಡ ದನಿ ಬೇಕಿಲ್ಲ. ಮಾತ್ರೆಯಿಂದ ರೋಗ ನಿಲ್ಲುತ್ತದೆ, ಹೆದರಬೇಡಿ, ಆದರೆ ಹೋದ ಸ್ಪರ್ಶ ಬರುವುದಿಲ್ಲ ಎಂದರು. ಆಮೇಲೆ ಊದಿದ ಎಡಗೈಯನ್ನು ಎತ್ತಿ ಹಿಡಿದು, “ಈ ತೂತು ರೋಗದ್ದಲ್ಲ. ಇದನ್ನ ಮಾಡಿದ್ದು ಯಾರು?” ಎಂದು ಕೇಳಿದರು. ಅಂತೋಣಿ ಮಾವ ಬಾಗಿಲಾಚೆಯ ಬಂಡೆಯನ್ನು ನೋಡುತ್ತಿದ್ದ.

ಸಾಲು ಕರಗಿತು. ಒಬ್ಬಾಕೆ ಜಗಲಿಯ ಮೇಲೆಯೇ ಉಗುಳಿ, ಸೆರಗಿನಿಂದ ತುಟಿಯನ್ನು ಉಜ್ಜಿ ಉಜ್ಜಿ ಒರೆಸಿಕೊಂಡಳು. ಅಜ್ಜಿ ನಿಂತಲ್ಲಿಂದಲೇ ಚೀರಿದಳು, “ಇದನ್ನ ಒಳಗಿಟ್ಕಂಡು ನಮ್ ಕೈಲೆಲ್ಲ ಮುತ್ತಿಡಿಸ್ಕಂಡ್ಯೇನೇ, ಹಾಳಾದೋಳೇ!” ಅತ್ತೆ ಕುರ್ಚಿಯಿಂದ ಎದ್ದಳು. “ಸುಟ್ಟಿದ್ದು ಅಂತ ಹೇಳಿದ್ನಲ್ಲವ್ವ,” ಎಂದಳು, ಅಷ್ಟೇ. ಅವತ್ತೇ ಅವಳನ್ನು ಹಿತ್ತಲಿನ ಸೌದೆ ಕೊಟ್ಟಿಗೆಗೆ ಹಾಕಿದರು. ಅಮ್ಮ ಅವಳ ಚಾಪೆಯನ್ನು ಕೋಲಿನ ತುದಿಯಲ್ಲಿ ಎತ್ತಿ ಬೆಂಕಿಗೆ ಹಾಕಿದಳು. ಅಪ್ಪ ಕುರ್ಚಿಯನ್ನು ಕೊಡಲಿಯಿಂದ ಒಡೆದು ಅದೇ ಬೆಂಕಿಗೆ ಸೇರಿಸಿದ. ಅನ್ನವನ್ನು ತೆಂಗಿನ ಚಿಪ್ಪಿನಲ್ಲಿ ಹಾಕಿ, ಕೋಲಿನಿಂದ ಮುಂದಕ್ಕೆ ತಳ್ಳುತ್ತಿದ್ದರು. ಬಟ್ಟೆಯ ಚೂರು ಒಯ್ದಿದ್ದವರು ಒಬ್ಬೊಬ್ಬರಾಗಿ ಬಂದು ಅವನ್ನು ನಮ್ಮ ಹೊಸಿಲ ಮೇಲೆ ಎಸೆದು ಹೋದರು. ಗುಡಿಸಿದಷ್ಟೂ ಬರುತ್ತಿದ್ದವು. ಪಾಸ್ಕ ಕಳೆದ ಮೇಲೆ ಜೀಪು ತರುತ್ತೇನೆ ಎಂದಿದ್ದರು ಸಿಸ್ಟರ್. ಅಲ್ಲಿಯವರೆಗೆ ಹಚ್ಚಲೆಂದು ಕೊಟ್ಟುಹೋದ ಮುಲಾಮು ಹಾಗೇ ಉಳಿಯಿತು, ಹಚ್ಚಲು ಯಾರೂ ಹತ್ತಿರ ಹೋಗಲಿಲ್ಲ.

ಶುಭ ಶುಕ್ರವಾರ ಚರ್ಚಿನಲ್ಲಿ ಸತ್ತ ಸ್ವಾಮಿಯ ಪ್ರತಿಮೆಯನ್ನು ಹಲಗೆಯ ಮೇಲೆ ಮಲಗಿಸಿದ್ದರು. ಗಾಯಗಳಿಗೆ ಹೊಸದಾಗಿ ಬಣ್ಣ ಬಳಿದಿತ್ತು. ಜನ ಅಳುತ್ತ, ಒಬ್ಬರ ಹಿಂದೆ ಒಬ್ಬರು, ಬಲಗೈ, ಎಡಗೈ, ಬಲಗಾಲು, ಎಡಗಾಲು, ಪಕ್ಕೆ ಎಂದು ಮುತ್ತಿಟ್ಟರು. ಜಗಲಿಯ ಮೇಲೆ ಉಗುಳಿದವಳು ನನ್ನ ಮುಂದೆಯೇ ಇದ್ದಳು. ಪ್ರತಿಮೆಯ ಪಾದ ಬಿಟ್ಟು ಏಳಲು ಅವಳಿಗೆ ಮನಸ್ಸೇ ಇರಲಿಲ್ಲ. ಹೊರಗೆ ಬಂದಾಗ ಕಾಂಪೌಂಡಿನ ಆಚೆ ಹೊಂಗೆ ಮರದ ಬುಡದಲ್ಲಿ ತೆರೇಸತ್ತೆ ನಿಂತಿದ್ದಳು. ಕೊಟ್ಟಿಗೆಯ ಅಗಳಿ ಸರಿಸಿ ಬಂದಿದ್ದಳು. ಹತ್ತಿರ ಬರಲಿಲ್ಲ, ಒಳಗಿನ ಹಾಡು ಕೇಳುತ್ತ ನಿಂತಿದ್ದಳು. ಅಂತೋಣಿ ಮಾವ ಅವಳನ್ನು ಕಂಡ. ಬಗ್ಗಿ ಒಂದು ಕಲ್ಲು ಎತ್ತಿಕೊಂಡ. ಹೊಡೆಯಲಿಲ್ಲ. ನಾಯಿಗೆ ತೋರಿಸುವ ಹಾಗೆ ತೋರಿಸಿದ. ಅತ್ತೆ ತಿರುಗಿ, ಊದಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಮನೆಯ ಹಾದಿ ಹಿಡಿದಳು.

ಆ ಮನೆ ಈಗಿಲ್ಲ. ಅಜ್ಜಿ, ಅಪ್ಪ, ಅಮ್ಮ ಯಾರೂ ಇಲ್ಲ. ಕೊನೆಗಾಲದಲ್ಲಿ ಅಜ್ಜಿ ನನ್ನ ಕೈ ಹಿಡಿದುಕೊಂಡು ತೆರೇಸಿ, ತೆರೇಸಿ ಎನ್ನುತ್ತಿದ್ದಳು. ನಾನು ತಿದ್ದುತ್ತಿರಲಿಲ್ಲ. ಅವರನ್ನೆಲ್ಲ ನಾನು ಪ್ರೀತಿಸಿದ್ದೆ, ಅದನ್ನೂ ಹೇಳಬೇಕು. ಮಗ್ಗಿ ಹೇಳಿಕೊಟ್ಟ ಅಪ್ಪ, ಜ್ವರದಲ್ಲಿ ಹಣೆಗೆ ತಣ್ಣೀರಿನ ಬಟ್ಟೆ ಹಾಕಿದ ಅಮ್ಮ ಅವರೇ. ಅತ್ತೆಗೆ ಇದನ್ನೆಲ್ಲ ಬೇರೆ ಯಾರೋ ಬಂದು ಮಾಡಿದ್ದಲ್ಲ.

ಜೀಪು ಬಂದು ಅತ್ತೆಯನ್ನು ಒಯ್ದ ಎಷ್ಟೋ ಕಾಲದ ಮೇಲೆ, ನಾನು ಹೈಸ್ಕೂಲಿಗೆ ಹೋಗುವಾಗ, ದವಾಖಾನೆಯಿಂದ ಹೇಳಿ ಕಳಿಸಿದರು. ರೋಗ ಪೂರ್ತಿ ವಾಸಿಯಾಗಿದೆ, ಯಾರಿಗೂ ಅಂಟುವುದಿಲ್ಲ, ಮನೆಗೆ ಕರೆದುಕೊಂಡು ಹೋಗಬಹುದು ಎಂದು. ಮನೆಯಲ್ಲಿ ಆಗಲ್ಲ ಎಂದು ತೀರ್ಮಾನವಾಯಿತು. ಅದನ್ನು ಹೇಳಿ ಬರಲು ಅಪ್ಪ ಹೊರಟಾಗ ನಾನು ಹಟ ಹಿಡಿದು ಜೊತೆಗೆ ಹೋದೆ. ನೀಲಗಿರಿ ಮರಗಳ ನಡುವೆ ಸಾಲು ಕೋಣೆಗಳು. ಅಪ್ಪ ಸಿಸ್ಟರ್ ಜೊತೆ ಗೇಟಿನ ಹೊರಗೇ ನಿಂತು ಮಾತಾಡಿದ. ನಾನು ಒಳಗೆ ಹೋದೆ.

ತೆರೇಸತ್ತೆ ಮಂಚದ ಮೇಲೆ ಕೂತಿದ್ದಳು. ತಲೆ ಬಾಚಿ, ಹೂ ಮುಡಿದಿದ್ದಳು. ಎಡಗೈ ಮಣಿಕಟ್ಟಿನವರೆಗೆ ಇರಲಿಲ್ಲ. ದಬ್ಬಳದ ತೂತಿನಿಂದ ಮೂಳೆ ಕೊಳೆತು ಕತ್ತರಿಸಿದ್ದರು. ಬಲಗೈಯ ಬೆರಳುಗಳು ಒಳಗೆ ಮಡಿಚಿಕೊಂಡಿದ್ದವು. ಪಕ್ಕದಲ್ಲಿ ಸೀರೆಗಳ ಗಂಟು ಕಟ್ಟಿಟ್ಟಿತ್ತು. ಆ ಕೈಯಲ್ಲಿ ಹೇಗೆ ಕಟ್ಟಿದಳೋ.

“ಎಷ್ಟ್ ಉದ್ದ ಆಗಿದೀಯೇ!” ಎಂದಳು. “ಅಣ್ಣ ಎಲ್ಲಿ? ಬಸ್ ಎಷ್ಟೊತ್ತಿಗೈತೆ?”

ಅವಳು ನನ್ನ ಮುಖ ನೋಡಿದಳು, ಕಿಟಕಿಯಾಚೆ ಗೇಟಿನ ಹತ್ತಿರ ನಮಗೆ ಬೆನ್ನು ಮಾಡಿ ನಿಂತ ಅಪ್ಪನನ್ನು ನೋಡಿದಳು. “ಬಾ, ಕುಂತ್ಕ,” ಎಂದಳು. ಕೂತೆ. ನಾನು ಅವಳ ಬಲಗೈ ಹಿಡಿಯಲು ಹೋದೆ. “ಅಲ್ಲಿ ಗೊತ್ತಾಗಲ್ಲ ಕಣೆ. ಇಲ್ಲಿಡು,” ಎಂದು ತೋಳು ಚಾಚಿ ಮೊಣಕೈಯ ಒಳಮಡಿಕೆ ತೋರಿಸಿದಳು. ಅಲ್ಲಿ ನನ್ನ ಅಂಗೈ ಇಟ್ಟೆ. ಅವಳು ತೋಳು ಮಡಿಚಿ ಅದನ್ನು ಒಳಗೆ ಬಿಗಿಯಾಗಿ ಹಿಡಿದುಕೊಂಡಳು. “ಗೊತ್ತಾಗ್ತೈತೆ,” ಎಂದಳು. “ಬೆಚ್ಚಗೈತೆ ನಿನ್ ಕೈ.”

ಅಪ್ಪ ಗೇಟಿನಿಂದ ಕೂಗಿದ, “ಬಾರೇ, ಹೊತ್ತಾಯ್ತು, ಹೋಗಾಣ.” ಅತ್ತೆ ತೋಳು ಸಡಿಲಿಸಿದಳು. ನಾನು ಬಾಗಿಲು ದಾಟುವಾಗ ಹಲ್ಲಿನಿಂದ ಕಚ್ಚಿ ಆ ಗಂಟನ್ನು ಬಿಚ್ಚುತ್ತಿದ್ದಳು. ಮನೆಗೆ ಬಂದ ಕೂಡಲೇ ಅಮ್ಮ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ ಫಿನಾಯಿಲ್ ಬೆರೆಸಿದ ನೀರು ಸುರಿದು, ಅಂಗೈಯನ್ನು ತೆಂಗಿನ ನಾರಿನಿಂದ ಚರ್ಮ ಕೀಳುವಂತೆ ಉಜ್ಜಿದಳು.

ನಮ್ಮ ಮನೆಯವರಲ್ಲಿ ತೆರೇಸತ್ತೆಯನ್ನು ಮುಟ್ಟಿದವಳು ನಾನೇ ಕೊನೆ. ಅದಾದ ಮೇಲೂ ಅವಳು ಬಹಳ ವರ್ಷ ಬದುಕಿದ್ದಳು.